ಮೆಟ್ಟಿಲ ತಲೆಯವರೆಗೆ

ವಿಲೆ ಪಾರ್ಲೆ
19 ಜನವರಿ 1987

ಸೇವಂತಿ ಅವರೇ,

ಒಂದು ಮಾತನ್ನು ಬರೆಯದೆ ಬಿಡುವುದರಲ್ಲಿದ್ದೆ. ಕಾಗದ ಮುಗಿಸಿ ಲಕೋಟೆ ಅಂಟಿಸಿದ ಮೇಲೆ ಮನಸ್ಸು ಒಪ್ಪದೆ ಹರಿದು ಮತ್ತೆ ಕೂತಿದ್ದೇನೆ. ಮಾತು ಇಷ್ಟೇ: ಕಾಗದದ ಮೂಲಕ ಈ ಕೆಲಸವನ್ನು ನಾನು ಇದುವರೆಗೆ ಯಾರ ಜೊತೆಯೂ ಮಾಡಿಲ್ಲ. ನಾನು ಡಾಕ್ಟರಲ್ಲ, ಕೌನ್ಸೆಲರ್. ಸಾಂತಾಕ್ರೂಜ್‌ನಲ್ಲಿರುವ ನಮ್ಮ ಸಲಹಾ ಕೇಂದ್ರಕ್ಕೆ ಜನ ಬಂದು ಎದುರಿಗೆ ಕೂರುತ್ತಾರೆ. ಅವರು ಹೇಳುತ್ತಾರೆ, ನಾನು ಕೇಳುತ್ತೇನೆ, ಮುಂದೆ ಏನು ಮಾಡಬಹುದೆಂದು ಇಬ್ಬರೂ ಸೇರಿ ಯೋಚಿಸುತ್ತೇವೆ. ಎದುರಿಗೆ ಮುಖವಿಲ್ಲದೆ ಇದು ಹೇಗೆ ನಡೆಯುತ್ತದೋ ನನಗೂ ಗೊತ್ತಿಲ್ಲ.

ನಿಮ್ಮ ಯಜಮಾನರು ಮೋನಪ್ಪನವರು ಹೋದ ವಾರ ತಾವು ಕೆಲಸ ಮಾಡುವ ಹೋಟೆಲಿನಿಂದ ನೇರವಾಗಿ ಕೇಂದ್ರಕ್ಕೆ ಬಂದಿದ್ದರು. ನೀವು ಎರಡು ವರ್ಷದಿಂದ ಚಾಳಿನ ಮೆಟ್ಟಿಲು ಇಳಿದಿಲ್ಲವೆಂದು ಹೇಳಿದರು. "ಅವರನ್ನೇ ಕರೆದುಕೊಂಡು ಬನ್ನಿ" ಎಂದೆ, ಯೋಚಿಸದೆ. "ಎಂತ ಮೇಡಂ, ಇಲ್ಲಿವರೆಗೆ ಕರ್ಕೊಂಡು ಬರ್ಲಿಕ್ಕೆ ಆಗುದಾದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?" ಎಂದರು. ನಗಬಾರದಿತ್ತು, ಇಬ್ಬರೂ ನಕ್ಕೆವು. ಆಮೇಲೆ ಅವರೇ ಹೇಳಿದರು: "ಫೋನಿಲ್ಲ. ಆದ್ರೆ ಅವಳು ಕಾಗದ ಚಂದ ಬರೀತಾಳೆ. ಊರಿಗೆ ತಿಂಗಳು ತಿಂಗಳು ಬರೀತಾಳೆ."

ಹಾಗಾಗಿ ಕಾಗದ. ನೀವು ಬರೆದದ್ದನ್ನು ನಾನು ಮಾತ್ರ ಓದುತ್ತೇನೆ. ನಾನು ನಿಮ್ಮ ಮನೆಗೆ ಬರುವುದಿಲ್ಲ. ಬರಬಹುದಿತ್ತು, ನಮ್ಮಿಬ್ಬರ ನಡುವೆ ಇರುವುದು ಅಂಧೇರಿ ಒಂದೇ ಸ್ಟೇಷನ್ನು. ಆದರೆ ನಾನೇ ಬಂದುಬಿಟ್ಟರೆ ನೀವು ಹೊರಗೆ ಬರಲು ಇರುವ ಒಂದು ಕಾರಣವೂ ಇಲ್ಲವಾಗುತ್ತದೆ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ನನಗೂ ಅದು ಸರಿಯೆನ್ನಿಸಿದೆ.

ಇದೆಲ್ಲ ಯಾವಾಗ ಶುರುವಾಯಿತು ಎಂದು ಬರೆಯುತ್ತೀರಾ? ನನ್ನ ಓದೆಲ್ಲ ಇಂಗ್ಲಿಷಿನಲ್ಲಿ ಆದದ್ದು. ಕನ್ನಡದಲ್ಲಿ ತಪ್ಪು ಕಂಡರೆ ನಕ್ಕುಬಿಡಿ.

ನಿಮ್ಮ,
ರಮಾಮಣಿ


ಜೋಗೇಶ್ವರಿ
1 ಫೆಬ್ರವರಿ 1987

ಮೇಡಂ ಅವರಿಗೆ ಸೇವಂತಿ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನೀವೂ ನಿಮ್ಮ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಕನ್ನಡದಲ್ಲಿ ತಪ್ಪೇನೂ ಇಲ್ಲ. ಅಕ್ಷರ ಮಾತ್ರ ಡಾಕ್ಟರ ಚೀಟಿಯ ಹಾಗೆ ಉಂಟು.

ಎರಡು ವರ್ಷದ ಹಿಂದೆ ದೀಪಾವಳಿಗೆ ಮಗಳು ಶೀಲಾಳಿಗೆ ಫ್ರಾಕು ತರಲು ದಾದರಿಗೆ ಹೋಗಿದ್ದೆ. ಅವಳ ಪೂರ್ತಿ ಹೆಸರು ಶೀಲಾವತಿ, ಅತ್ತೆಯ ಹೆಸರು ಇಟ್ಟದ್ದು. ಬರುವಾಗ ಲೇಡೀಸ್ ಡಬ್ಬದಲ್ಲಿ ಉಸಿರಾಡಲು ಜಾಗವಿರಲಿಲ್ಲ. ಅಂಧೇರಿ ಬಿಟ್ಟದ್ದೇ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈ ಮರಗಟ್ಟಿತು. ಇಲ್ಲಿಗೆ ಮುಗಿಯಿತು, ನಾನು ಸತ್ತೆ ಎಂದುಕೊಂಡೆ. ಜೋಗೇಶ್ವರಿಯಲ್ಲಿ ಇಳಿಯಲು ಆಗಲಿಲ್ಲ. ಗೋರೆಗಾಂವಿನಲ್ಲಿ ಯಾರೋ ಇಳಿಸಿ ಮಲಗಿಸಿದರು. ಶೀಲಾ "ಮಮ್ಮಿ, ಉಠೋ ನಾ" ಎಂದು ಅಳುತ್ತಿದ್ದದ್ದು ಕೇಳುತ್ತಿತ್ತು, ಏಳಲು ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದು ಏನೂ ಇಲ್ಲ ಎಂದರು. ಆಮೇಲೆ ಅದೇ ಮಾರ್ಕೆಟಿನಲ್ಲಿ ಬಂತು, ಕೆಳಗಿನ ನೀರಿನ ನಳದ ಹತ್ತಿರ ಬಂತು, ಮೆಟ್ಟಿಲಿನಲ್ಲೂ ಬಂತು. ಬಂದ ಜಾಗಕ್ಕೆ ಹೋಗುವುದು ಬಿಟ್ಟೆ. ಹಾಗೆ ಬಿಡುತ್ತಾ ಬಿಡುತ್ತಾ ಈಗ ಒಂದೇ ಕೋಣೆಯ ನಮ್ಮ ಖೋಲಿ, ಗ್ಯಾಲರಿ, ಗ್ಯಾಲರಿಯ ಕೊನೆಯ ಸಂಡಾಸು, ಇಷ್ಟು ಉಳಿದಿದೆ. ಅದಕ್ಕೂ ಗೋಡೆ ಹಿಡಿದು ಹೋಗುತ್ತೇನೆ. ನೀರು, ರೇಷನ್ನು, ಎಲ್ಲ ಶೀಲಾ ತರುತ್ತಾಳೆ. ಅವಳಿಗೆ ಹನ್ನೆರಡು. ಅವಳ ಜೊತೆಯ ಮಕ್ಕಳು ಕೆಳಗೆ ಆಡುವಾಗ ಇವಳು ಬಕೆಟ್ಟು ಹೊರುತ್ತಾಳೆ.

ನೀವು ನನ್ನನ್ನು ಹುಚ್ಚಿ ಎಂದು ಬರೆಯಲಿಲ್ಲ. ಅದಕ್ಕಾಗಿ ಈ ಕಾಗದ ಇಷ್ಟು ಉದ್ದ ಆಯಿತು.

ಇತಿ ನಿಮ್ಮ ವಿಶ್ವಾಸಿ,
ಸೇವಂತಿ


ವಿಲೆ ಪಾರ್ಲೆ
9 ಫೆಬ್ರವರಿ 1987

ಸೇವಂತಿ ಅವರೇ,

ಇದು ಹುಚ್ಚಲ್ಲ, ಎದೆಯ ಕಾಯಿಲೆಯೂ ಅಲ್ಲ. ಇಲ್ಲದ ಕಳ್ಳನಿಗೆ ನಾಯಿ ಬೊಗಳಿದ ಹಾಗೆ ದೇಹ ಕೂಗಿಕೊಳ್ಳುತ್ತದೆ. ನೀವು ಓಡಿ ಒಳಗೆ ಬಂದರೆ ಕಳ್ಳ ನಿಜವಾಗಿಯೂ ಇದ್ದ ಎಂದು ಅದು ತಿಳಿಯುತ್ತದೆ. ಓಡದೆ ನಿಂತರೆ, ಬೊಗಳಿ ಬೊಗಳಿ ಸುಸ್ತಾಗಿ ತಾನೇ ಸುಮ್ಮನಾಗುತ್ತದೆ. ಸುಮ್ಮನಾಗುವವರೆಗೆ ನಿಲ್ಲುವುದೇ ನಮ್ಮ ಕೆಲಸ. ಹೇಳುವುದು ಸುಲಭ, ನಿಲ್ಲಬೇಕಾದವರು ನೀವು, ಅದನ್ನು ಮರೆತಿಲ್ಲ.

ಮೊದಲು ಗೋಡೆ ಹಿಡಿಯದೆ ಗ್ಯಾಲರಿಯಲ್ಲಿ ನಡೆಯಿರಿ. ಅದು ಅಭ್ಯಾಸವಾದ ಮೇಲೆ ಮೆಟ್ಟಿಲ ತಲೆಯವರೆಗೆ ಹೋಗಿ ನಿಲ್ಲಿ. ಇಳಿಯಬೇಡಿ, ನಿಲ್ಲಿ ಅಷ್ಟೇ. ಕೈಗೆ, ಎದೆಗೆ, ಹೊಟ್ಟೆಗೆ ಏನಾಯಿತು ಎಂದು ಬರೆಯಿರಿ. ಆಗದಿದ್ದರೆ ಆಗಲಿಲ್ಲ ಎಂದು ಬರೆಯಿರಿ. ಅದೂ ನನಗೆ ಬೇಕು.

ನಿಮ್ಮ,
ರಮಾಮಣಿ


ಜೋಗೇಶ್ವರಿ
15 ಮಾರ್ಚ್ 1987

ಪ್ರೀತಿಯ ರಮಕ್ಕನಿಗೆ ನಮಸ್ಕಾರಗಳು. ನಿಮ್ಮನ್ನು ಅಕ್ಕ ಎನ್ನಬಹುದಲ್ಲ? ಮೇಡಂ ಎಂದರೆ ಶೀಲಾಳ ಶಾಲೆಯ ಟೀಚರಿಗೆ ಬರೆದ ಹಾಗಾಗುತ್ತದೆ.

ನಾವೆಲ್ಲ ಕ್ಷೇಮ.

ಮೆಟ್ಟಿಲ ತಲೆಯಲ್ಲಿ ನಿಂತೆ. ಮೊದಲ ದಿನ ಕಾಲು ನಡುಗಿ ಬಾಯಿ ಒಣಗಿ ವಾಪಸು ಓಡಿ ಬಂದೆ. ಮರುದಿನ ಮಣೆ ತೆಗೆದುಕೊಂಡು ಹೋಗಿ ಅಲ್ಲೇ ಕೂತೆ. ಕೂತರೆ ಓಡುವುದು ಕಷ್ಟ ಅಂತ ಲೆಕ್ಕ ಹಾಕಿದೆ. ಬೆವರು ಬಂತು, ಕಣ್ಣು ಕತ್ತಲೆ ಬಂತು, ನೀವು ಹೇಳಿದ ನಾಯಿ ಬೊಗಳಿತು. ಆಮೇಲೆ, ಅಕ್ಕ, ಅದು ನಿಜವಾಗಿಯೂ ಸುಮ್ಮನಾಯಿತು! ಪಕ್ಕದ ಖೋಲಿಯ ಈರಣ್ಣ ಡ್ಯೂಟಿಗೆ ಹೊರಟವರು, "ಏನ್ರೀ ಸೇವಂತಕ್ಕಾ, ಮೆಟ್ಲಾ ಕಾಯಾಕ ಕುಂತೀರೇನು? ಪಗಾರ ಎಷ್ಟು ಕೊಡ್ತಾರ?" ಎಂದರು. "ನಿಮ್ಮದರಲ್ಲಿ ಅರ್ಧ ಕೊಡಿ, ಸಾಕು" ಎಂದೆ. ಅವರು ನಗುತ್ತಾ ಇಳಿದರು. ನಾನು ಇನ್ನೂ ಅಲ್ಲೇ ಕೂತಿದ್ದೆ. ನಾನು ಜೋಕು ಮಾಡಿದ್ದು ಕೇಳಿ ಶೀಲಾ ಬಾಗಿಲಿಗೆ ಬಂದು ನೋಡಿದಳು.

ಇನ್ನೊಂದು ವಿಷಯ. ಮುನ್ಸಿಪಾಲಿಟಿಯವರು ಬಂದು ಗೇಟಿಗೆ ನೋಟೀಸು ಅಂಟಿಸಿದ್ದಾರೆ. ಚಾಳು ಹಳತಾಗಿದೆ, ಬೀಳುವ ಹಾಗಿದೆಯಂತೆ. ಗ್ಯಾಲರಿಯ ಕೆಳಗೆ ಮರದ ಕಂಬದ ಟೇಕು ಕೊಟ್ಟು ನಿಲ್ಲಿಸಿದ್ದಾರೆ. ಮಳೆಗಾಲದೊಳಗೆ ಎಲ್ಲರೂ ಖಾಲಿ ಮಾಡಬೇಕಂತೆ. ಇವರ ಹೋಟೆಲಿನ ಧಣಿ ಸಾಂತಾಕ್ರೂಜ್‌ನಲ್ಲಿ ಹೋಟೆಲಿನ ಹಿಂದೆ ಒಂದು ಖೋಲಿ ಕೊಡುತ್ತೇನೆ ಎಂದಿದ್ದಾರೆ.

ಅಷ್ಟರೊಳಗೆ ನನಗೆ ಇಳಿಯಲು ಬರುತ್ತದಾ ಅಕ್ಕ?

ನಿಮ್ಮ,
ಸೇವಂತಿ


ವಿಲೆ ಪಾರ್ಲೆ
24 ಮಾರ್ಚ್ 1987

ಪ್ರಿಯ ಸೇವಂತಿ,

ಬರುತ್ತದೆ ಎಂದು ಬರೆಯಬೇಕೆನ್ನಿಸಿತು. ಗೊತ್ತಿಲ್ಲದ್ದನ್ನು ಬರೆಯಬಾರದು. ಆದರೆ ಮಣೆ ಹಾಕಿಕೊಂಡು ಕೂತ ನೀವು ಇಳಿಯಲಾರಿರಿ ಎಂದು ನನಗೆ ಅನ್ನಿಸುವುದಿಲ್ಲ.

ನಿಮ್ಮ ಕಾಗದ ನನಗೆ ಎಷ್ಟು ಸಂತೋಷ ಕೊಟ್ಟಿತೆಂದರೆ, ಹೆಸರು ಊರು ಹೇಳದೆ, ನಿಮ್ಮ ಉಪಾಯವನ್ನಷ್ಟೇ ಕೇಂದ್ರದವರಿಗೆ ಹೇಳಿದೆ. ಎಲ್ಲರ ಮುಖವೂ ಅರಳಿತು. ನಮ್ಮ ಕೆಲಸದಲ್ಲಿ ಇಂಥ ದಿನ ಕಡಿಮೆ. ಈಚೆಗೆ ಮನೆಗೆ ಬಂದ ಕೂಡಲೇ ನಿಮ್ಮ ಕಾಗದ ಬಂದಿದೆಯೇ ಎಂದು ನೋಡುತ್ತೇನೆ. "ನಿನಗೆ ತವರಿನಿಂದ ಕಾಗದ ಬಂದಾಗಲೂ ಇಷ್ಟು ಓಡಿದ್ದು ನೋಡಿಲ್ಲ" ಎಂದು ನಮ್ಮವರು ರೇಗಿಸುತ್ತಾರೆ.

ಈಗ ಒಂದೊಂದೇ ಮೆಟ್ಟಿಲು. ಮಣೆಯನ್ನೂ ಜೊತೆಗೆ ಒಯ್ಯಿರಿ. ಆಮೇಲೆ ನಳ, ಆಮೇಲೆ ಗೇಟು.

ನಿಮ್ಮ,
ರಮಾಮಣಿ


ಜೋಗೇಶ್ವರಿ
26 ಏಪ್ರಿಲ್ 1987

ಪ್ರೀತಿಯ ರಮಕ್ಕಾ,

ನಾವೆಲ್ಲ ಕ್ಷೇಮ, ನೀವೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ನಿಮಗೆ ಸಂತೋಷದ ಸುದ್ದಿ ಬರೆಯುತ್ತಿದ್ದೇನೆ. ನಳದವರೆಗೆ ಹೋದೆ. ಹೋದ ವಾರ ಗೇಟಿನವರೆಗೂ ಹೋದೆ. ಬಿಸಿಲು ಜೋರಿತ್ತು. ಗೇಟಿನ ಹೊರಗೆ ತರಕಾರಿ ಮಾರುವ ಹನುಮವ್ವ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. "ಎಲ್ಲಿದ್ದಿ ಯವ್ವಾ ಇಷ್ಟ್ ದಿನಾ? ಮುಖ ನೋಡಿದ್ರ ಮುಲ್ಲಂಗಿಗತೆ ಬೆಳ್ಳಗಾಗೇತಿ" ಎಂದಳು. ಅವಳ ಹತ್ತಿರ ಬಸಳೆ ತೆಗೆದುಕೊಂಡೆ. ಹೆದರಿಕೆ ಸ್ವಲ್ಪ ಆಯಿತು, ಹೆಚ್ಚಲ್ಲ. ಎದುರಿನ ಕಾರ್ಖಾನೆಯ ಗೋಡೆಗೆ ಹೊಸದಾಗಿ ನೀಲಿ ಬಣ್ಣ ಹೊಡೆದಿದ್ದಾರೆ.

ಚಾಳಿನಲ್ಲಿ ಅರ್ಧ ಜನ ಖಾಲಿ ಮಾಡಿದ್ದಾರೆ. ಈರಣ್ಣನೂ ಮುಂದಿನ ತಿಂಗಳು ಹೋಗುತ್ತಾರಂತೆ. ನಮ್ಮ ಬಗ್ಗೆ ನೀವು ಚಿಂತೆ ಮಾಡಬೇಡಿ. ನಿಮ್ಮ ಉಪಕಾರ ಮರೆಯಲಿಕ್ಕಿಲ್ಲ.

ನಿಮ್ಮ,
ಸೇವಂತಿ


ವಿಲೆ ಪಾರ್ಲೆ
11 ಮೇ 1987

ಮೋನಪ್ಪನವರೇ,

ಮೊನ್ನೆ ನೀವು ಕೇಂದ್ರಕ್ಕೆ ಬಂದು ಕೇಳಿದ ಪ್ರಶ್ನೆಗೆ ಅಲ್ಲಿ ಜನರಿದ್ದುದರಿಂದ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಖಾಲಿ ಮಾಡುವ ದಿನ ಸೇವಂತಿ ಅವರನ್ನು ನಿದ್ದೆಯ ಗುಳಿಗೆ ಕೊಟ್ಟು ಕರೆದುಕೊಂಡು ಹೋಗಬಹುದೇ ಎಂದು ಕೇಳಿದಿರಿ. ದಯವಿಟ್ಟು ಬೇಡ. ನನಗೆ ಬರೆದದ್ದನ್ನು ನಿಮಗೆ ಹೇಳುವ ಹಾಗಿಲ್ಲ. ಆದರೆ ಕೆಳಗೆ ಇಳಿಯುತ್ತಿರುವುದನ್ನು ಅವರು ನಿಮಗೂ ಹೇಳಿದ್ದಾರೆಂದು ನೀವೇ ಅಂದಿರಿ. ಖಾಲಿ ಮಾಡುವ ಹೊತ್ತಿಗೆ ಅವರು ತಾವಾಗಿಯೇ ಇಳಿಯುತ್ತಾರೆ. ಇದರಲ್ಲಿ ನನಗೆ ಅನುಮಾನವಿಲ್ಲ. ನೀವು ಜೊತೆಗಿದ್ದು, ಅವಸರ ಮಾಡದೆ, ಸುಮ್ಮನೆ ನಡೆಯಿರಿ, ಸಾಕು.

ರಮಾಮಣಿ


ಸಾಂತಾಕ್ರೂಜ್
18 ಜೂನ್ 1987

ಮಾನ್ಯ ಮೇಡಂ ಅವರಿಗೆ ಮೋನಪ್ಪನ ನಮಸ್ಕಾರ.

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತು ಬರೆಯುತ್ತಿದ್ದೇನೆ, ಗಿರಾಕಿ ಬಂದರೆ ನಿಲ್ಲಿಸಬೇಕು.

ನಾವು ಆರನೇ ತಾರೀಕು ಶನಿವಾರ ಖಾಲಿ ಮಾಡುವುದೆಂದು ಇತ್ತು. ಟೆಂಪೊ ಬಂತು. ಸಾಮಾನು ಎಲ್ಲ ಇಳಿಸಿ ಆಯಿತು. ಚಾಳಿನಲ್ಲಿ ಉಳಿದದ್ದು ನಾವು ಮಾತ್ರ. ಹಳೆ ನೆರೆಯವರು ಕೆಲವರು ಕಳಿಸಿಕೊಡಲು ಬಂದಿದ್ದರು. ಇವಳು ಒಳ್ಳೆಯ ಸೀರೆ ಉಟ್ಟು ಮಲ್ಲಿಗೆ ಮುಡಿದು ತಯಾರಾಗಿದ್ದಳು. ನನಗೂ ಖುಷಿ ಆಗಿತ್ತು. ಮೆಟ್ಟಿಲಿನ ಹತ್ತಿರ ಬಂದು ನಿಂತಳು. ನಾನು ಎರಡು ಮೆಟ್ಟಿಲು ಇಳಿದು, "ಬಾ ಮಾರಾಯ್ತಿ, ದಿನಾ ಇಳೀತಿ ಅಲ್ವಾ" ಎಂದೆ. "ನಾನು ಒಂದು ದಿವಸವೂ ಇಳಿದಿಲ್ಲ" ಎಂದಳು. ನಾನು ತಮಾಷೆ ಎಂದುಕೊಂಡೆ. ಕೈ ಹಿಡಿದೆ. ಅವಳು ಗ್ಯಾಲರಿಯ ಕಟಕಟೆ ಹಿಡಿದು ಕೂಗಿದಳು ಮೇಡಂ, ಆ ಕೂಗು ನಾನು ಬರೆಯಲಾರೆ. ಕೆಳಗೆ ಹನುಮವ್ವ ಇದ್ದಳು. ನೀನು ಇವಳನ್ನು ಗೇಟಿನಲ್ಲಿ ನೋಡಿದ್ದಿ ಅಲ್ವಾ ಎಂದು ಕೇಳಿದೆ. "ಇಲ್ಲೋ ಯಪ್ಪಾ, ಆಕಿ ಎಲ್ಲಿ ಇಳದಾಳು? ನಾನೇ ಬುಟ್ಟಿ ಹೊತ್ಕೊಂಡು ಮ್ಯಾಲ ಹೋಗಿ ಕೊಟ್ಟು ಬರ್ತಿದ್ನಿ" ಎಂದಳು. ಶೀಲಾಳಿಗೆ ಎಲ್ಲ ಗೊತ್ತಿತ್ತು. ಹೇಳಬೇಡ ಎಂದು ಇವಳು ಅವಳ ಹತ್ತಿರ ಆಣೆ ಹಾಕಿಸಿದ್ದಳು.

ಟೆಂಪೊ ಹೋಯಿತು. ಆ ದಿವಸ ಖಾಲಿ ಖೋಲಿಯಲ್ಲಿ ನಾವು ಮೂವರು ನೆಲದ ಮೇಲೆ ಮಲಗಿದೆವು. ಮರುದಿವಸ ನಾನು ಚಾದಲ್ಲಿ ಗುಳಿಗೆ ಹಾಕಿ ಕೊಟ್ಟೆ. ಹೋಟೆಲಿನಿಂದ ಅಡುಗೆಯವರು ಬಂದರು, ಕುರ್ಚಿಗೆ ಸೀರೆಯಿಂದ ಕಟ್ಟಿ ಇಳಿಸಿದೆವು. ಅವಳ ಚಪ್ಪಲಿ ಹಿಡಿದುಕೊಂಡು ಶೀಲಾ ಹಿಂದೆ ಬಂದಳು.

ನೀವು ಬೇಡ ಎಂದಿದ್ದಿರಿ. ಹದಿಮೂರನೇ ತಾರೀಕಿನ ಮಳೆಗೆ ಚಾಳಿನ ಹಿಂದಿನ ಗೋಡೆ ಬಿತ್ತು. ನಮ್ಮ ಒಲೆ ಇದ್ದ ಬದಿ. ಜನ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ನಾನು ಮಾಡಿದ್ದು ತಪ್ಪಾ, ನೀವೇ ಹೇಳಿ.

ಈಗ ಅವಳು ನನ್ನ ಹತ್ತಿರ ಮಾತಾಡುವುದಿಲ್ಲ. ನಾನು ಕೊಟ್ಟ ಚಾ ಕುಡಿಯುವುದಿಲ್ಲ. ಶೀಲಾ ಮಾಡಿದರೆ ಕುಡಿಯುತ್ತಾಳೆ, ಅದೂ ಶೀಲಾ ಮೊದಲು ಒಂದು ಗುಟುಕು ಕುಡಿದು ತೋರಿಸಿದ ಮೇಲೆ. ಎಷ್ಟು ಜನರಿಗೆ ಚಾ ಕೊಟ್ಟು ಬದುಕಿದವ ನಾನು.

ಕಾಗದದಿಂದ ಇನ್ನು ಏನೂ ಆಗಲಿಕ್ಕಿಲ್ಲ ಎಂದು ಕಾಣುತ್ತದೆ. ನಿಮ್ಮ ಮೇಲೆ ಸಿಟ್ಟಿಲ್ಲ.

ಮೋನಪ್ಪ


ಸಾಂತಾಕ್ರೂಜ್
23 ಜೂನ್ 1987

ರಮಕ್ಕಾ,

ಇವರು ನಿಮಗೆ ಬರೆದಿದ್ದಾರೆಂದು ಶೀಲಾ ಹೇಳಿದಳು. ಹಾಗಾದರೆ ನಿಮಗೆ ಗೊತ್ತಾಗಿದೆ.

ಮೆಟ್ಟಿಲ ತಲೆಯವರೆಗೆ ಹೋದದ್ದು ನಿಜ. ಮಣೆ ಹಾಕಿದ್ದೂ ನಿಜ. ಮುಂದಿನದೆಲ್ಲ ಗ್ಯಾಲರಿಯಿಂದ ಕೆಳಗೆ ನೋಡಿ ಬರೆದದ್ದು. ನಳ, ಗೇಟು, ಕಾರ್ಖಾನೆಯ ನೀಲಿ ಗೋಡೆ, ಎಲ್ಲ ಮೇಲಿನಿಂದ ಕಾಣುತ್ತದೆ. ಹನುಮವ್ವ ಹೇಳಿದ ಮಾತು ಅವಳು ನಮ್ಮ ಬಾಗಿಲಿನಲ್ಲಿ ಹೇಳಿದ್ದು. ಮೊದಲನೇ ಮೆಟ್ಟಿಲಿಗೆ ಕಾಲಿಟ್ಟ ದಿನ ಬಿದ್ದುಬಿಟ್ಟೆ. ಅದನ್ನು ಬರೆಯಲು ಕೂತೆ. ನಮಸ್ಕಾರ ಬರೆದೆ, ಕ್ಷೇಮ ಎಂದು ಬರೆದೆ. ಅದರ ಕೆಳಗೆ ಬಿದ್ದೆ ಎಂದು ಹೇಗೆ ಬರೆಯುವುದು?

ನಾನು ಮದುವೆಯಾಗಿ ಬೊಂಬಾಯಿಗೆ ಬರುವಾಗ ಅಪ್ಪ ಬಸ್ಸಿನ ಹತ್ತಿರ ಹೇಳಿದ್ದರು: "ಕಾಗದದಲ್ಲಿ ಕಷ್ಟ ಬರೀಬೇಡ ಮಗಾ. ನಿನ್ನಮ್ಮ ಇಲ್ಲಿ ಕೂತು ಎಂತ ಮಾಡ್ಲಿಕ್ಕುಂಟು?" ನಮ್ಮಲ್ಲಿ ಕಾಗದ ಬಂದರೆ ಒಬ್ಬರು ಓದುತ್ತಾರೆ, ಮನೆಯವರೆಲ್ಲ ಕೂತು ಕೇಳುತ್ತಾರೆ, ಪಕ್ಕದ ಮನೆಯವರೂ ಬರುತ್ತಾರೆ. ಯಾರಾದರೂ ಸತ್ತರೆ ತಂತಿ ಕೊಡುತ್ತಾರೆ. ಕೆಟ್ಟದ್ದೆಲ್ಲ ತಂತಿಗೆ. ಕಾಗದದಲ್ಲಿ ಕೆಟ್ಟದ್ದು ಬರೆದವರನ್ನು ನಾನು ನೋಡಿಲ್ಲ. ನಾವು ಭಾನುವಾರ ಭಾನುವಾರ ಜುಹೂಗೆ ಹೋಗುತ್ತೇವೆ ಎಂದು ನಾನು ಅಮ್ಮನಿಗೆ ಈಗಲೂ ಬರೆಯುತ್ತೇನೆ. ನೀವೂ ಅಷ್ಟು ಸಂತೋಷಪಟ್ಟು ಬರೆದಿರಿ.

ಈ ಖೋಲಿಯ ಬಾಗಿಲಿನಾಚೆ ಏನಿದೆ ಎಂದು ನಾನು ನೋಡಿಲ್ಲ. ಹೇಗೆ ಬಂದೆ ಎಂದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ವಿಮಾನದ ಶಬ್ದ ಆಗುತ್ತಿತ್ತು. ಅಲ್ಲಿ ನನಗೆ ಮೆಟ್ಟಿಲ ತಲೆಯಾದರೂ ಇತ್ತು.

ಇನ್ನು ನಾನು ಏನು ಬರೆದರೂ ನೀವು ನಂಬುವುದಿಲ್ಲ. ನಂಬಬೇಡಿ. ಅದಕ್ಕೆ ಇದೇ ಕೊನೆಯದು.

ಸೇವಂತಿ


ವಿಲೆ ಪಾರ್ಲೆ
28 ಜೂನ್ 1987

ಸೇವಂತಿ,

ನಿಮ್ಮ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಈ ಮನೆಯ ಕಿಟಕಿಯಿಂದಲೂ ಅದೇ ವಿಮಾನಗಳು ಕೇಳುತ್ತವೆ.

ಆಗದಿದ್ದರೆ ಆಗಲಿಲ್ಲ ಎಂದು ಬರೆಯಿರಿ ಎಂದು ನಾನೇ ಬರೆದಿದ್ದೆ. ಆಮೇಲೆ, ಆದ ಸುದ್ದಿಗೆ ನಾನು ಎಷ್ಟು ಕಾಯುತ್ತೇನೆ, ಮನೆಯಲ್ಲಿ ಹೇಗೆ ಓಡುತ್ತೇನೆ ಎಂದೂ ಬರೆದೆ. ಅದನ್ನು ಓದಿದ ಮೇಲೆ ಬಿದ್ದ ಸುದ್ದಿ ಯಾರು ತಾನೇ ಬರೆಯುತ್ತಾರೆ? ಎದುರಿಗೆ ಕೂತಿದ್ದರೆ ನಿಮ್ಮ ಮುಖ ನೋಡುತ್ತಿದ್ದೆ. ನೋಡಿದರೆ ತಿಳಿಯುತ್ತಿತ್ತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಅದೂ ನಿಜವೋ ಇಲ್ಲವೋ.

ತಾನು ಮಾಡಿದ್ದು ತಪ್ಪಾ ಎಂದು ನಿಮ್ಮ ಯಜಮಾನರು ಕೇಳಿದ್ದಾರೆ. ಅವರು ನನ್ನ ಮಾತು ಕೇಳಿ ಇನ್ನೊಂದು ವಾರ ಕಾದಿದ್ದರೆ ಆ ಗೋಡೆ ನಿಮ್ಮೆಲ್ಲರ ಮೇಲೆ ಬೀಳುತ್ತಿತ್ತು. ಅವರು ಮಾಡಿದ್ದರಿಂದ ನೀವು ಬದುಕಿದ್ದೀರಿ, ಅವರು ಮಾಡಿದ್ದರಿಂದಲೇ ಅವರ ಕೈಯ ಚಾ ಕುಡಿಯಲಾರಿರಿ. ಎರಡೂ ಹಾಗೆಯೇ ಇರಲಿ. ಒಂದನ್ನು ಒಪ್ಪಿಕೊಳ್ಳಲು ಇನ್ನೊಂದನ್ನು ಬಿಡಿ ಎಂದು ನಾನು ಹೇಳುವುದಿಲ್ಲ.

ನಾನು ಬರಬೇಕೆಂದಿದ್ದೇನೆ. ಕೇಂದ್ರದ ಹಿರಿಯರು ಒಪ್ಪಲಿಲ್ಲ. "ಇದು ಅವರಿಗಾಗಿಯೋ, ನಿಮಗಾಗಿಯೋ?" ಎಂದು ಕೇಳಿದರು. ಇಬ್ಬರಿಗಾಗಿಯೂ ಇರಬೇಕು ಎಂದೆ. ಹೊರಗೆ ಕರೆದುಕೊಂಡು ಹೋಗಲು ಬರುವುದಿಲ್ಲ. ಬಂದು ಕೂರುತ್ತೇನೆ, ಅಷ್ಟೇ. ಬಾಗಿಲು ತೆಗೆಯಲು ಆಗದಿದ್ದರೆ ಹೊರಗೆ ಕೂರುತ್ತೇನೆ, ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತೇನೆ. ಮತ್ತೆ ಮುಂದಿನ ಶನಿವಾರ.

ಆದರೆ ನಿಮ್ಮನ್ನು ಕೇಳದೆ ಬರುವುದಿಲ್ಲ. ನಿಮ್ಮ ಹೋಟೆಲು ನನ್ನ ಮನೆಯಿಂದ ರಿಕ್ಷಾದಲ್ಲಿ ಎಷ್ಟು ಮಹಾ ದೂರ! ಇದನ್ನು ಇವತ್ತೇ ತಂದು ಶೀಲಾಳ ಕೈಗೆ ಕೊಡಬಹುದು. ಕೊಟ್ಟರೆ ನಾನು ಬಾಗಿಲಿನಲ್ಲಿ ನಿಂತಿರುತ್ತೇನೆ, ನಿಮಗೆ ಬೇಡ ಎನ್ನಲು ಹೊತ್ತಿರುವುದಿಲ್ಲ. ಟಪ್ಪಾಲಿನಲ್ಲಿ ಬಂದರೆ ಶನಿವಾರದೊಳಗೆ ಒಂದು ಕಾರ್ಡು ಬರೆಯಲು ನಿಮಗೆ ಸಮಯ ಸಿಗುತ್ತದೆ. ಲಕೋಟೆಯಲ್ಲಿ ಕಾರ್ಡು ಇಟ್ಟಿದ್ದೇನೆ, ವಿಳಾಸ ಬರೆದಿದೆ. ಬೇಡ ಎಂದು ಒಂದು ಶಬ್ದ ಬರೆದರೆ ಸಾಕು. ನಂಬುತ್ತೇನೆ, ಬರುವುದಿಲ್ಲ. ಕಾರಣ ಕೇಳುವುದಿಲ್ಲ.

ಏನೂ ಬರೆಯದಿದ್ದರೆ ಶನಿವಾರ ನಾಲ್ಕನೇ ತಾರೀಕು, ಮಧ್ಯಾಹ್ನ, ಶೀಲಾ ಶಾಲೆಯಿಂದ ಬಂದ ಮೇಲೆ.

ಇವತ್ತು ಭಾನುವಾರ, ಟಪ್ಪಾಲು ಪೆಟ್ಟಿಗೆ ತೆಗೆಯುವುದಿಲ್ಲ. ಇದನ್ನು ನಾಳೆ ಹಾಕುತ್ತೇನೆ.

ನಿಮ್ಮ,
ರಮಾಮಣಿ

ಟಪ್ಪಾಲಿಗೆ: ಸೋಮವಾರ, 29 ಜೂನ್ 1987